ಏಳನೇ ನಂಬರಿನ ಹಾಜರಿ

ಆಫೀಸಿನಲ್ಲಿ ನನಗೆ ಕತ್ತರಿ ಅಂತ ಅಡ್ಡಹೆಸರಿತ್ತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಅಷ್ಟು ಗುಂಡಿಗೆ ಯಾರಿಗೂ ಇರಲಿಲ್ಲ. ಆದರೆ ನಾನು ಕಾರಿಡಾರಿನಲ್ಲಿ ಬರುವುದು ಕಂಡರೆ ಸಣ್ಣಪುಟ್ಟ ವಿಭಾಗಗಳ ಮೇಷ್ಟ್ರುಗಳು ಫೋನು ಕಿವಿಗಿಟ್ಟುಕೊಂಡು ಗೋಡೆ ಕಡೆ ತಿರುಗಿಬಿಡುತ್ತಿದ್ದರು. ಯಲಹಂಕ ದಾಟಿದ ಮೇಲೆ ಸಿಗುವ ಒಂದು ವಿಶ್ವವಿದ್ಯಾಲಯದ ಶೈಕ್ಷಣಿಕ ವಿಭಾಗದಲ್ಲಿ ನಾನು ಸೂಪರಿಂಟೆಂಡೆಂಟ್. ಮುಂದಿನ ವರ್ಷ ಯಾವ ಕೋರ್ಸು ಇರಬೇಕು, ಯಾವುದು ಬೇಡ ಅನ್ನುವ ಪಟ್ಟಿ ತಯಾರಾಗುತ್ತಿದ್ದುದು ನನ್ನ ಮೇಜಿನ ಮೇಲೆ. ಸಹಿ ದೊಡ್ಡವರದು, ಬೈಗುಳ ನನ್ನದು.

ಆ ಪಟ್ಟಿಗೆ ಇದ್ದದ್ದು ಒಂದೇ ನಿಯಮ. ಕೋರ್ಸಿನಲ್ಲಿ ಹತ್ತು ಜನ ಇರಬೇಕು. ಒಂಬತ್ತಾದರೆ ಮುಂದಿನ ವರ್ಷ ಪ್ರವೇಶವಿಲ್ಲ. ಇದ್ದವರು ಓದು ಮುಗಿಸಿಕೊಂಡು ಹೋದ ಮೇಲೆ ವಿಭಾಗದ ಬಾಗಿಲಿಗೆ ಬೀಗ. "ಒಂಬತ್ತಕ್ಕೂ ಹತ್ತಕ್ಕೂ ಏನ್ ಮೇಡಂ ಅಂಥಾ ವ್ಯತ್ಯಾಸ?" ಎಂದು ಒಬ್ಬ ಮೇಷ್ಟ್ರು ಕೇಳಿದಾಗ, "ಬಸ್ ಸ್ಟಾಪಿನಲ್ಲಿ ಬಸ್ಸು ಒಂದು ನಿಮಿಷ ಮೊದ್ಲೇ ಹೊರಟ್ರೆ ಗೊತ್ತಾಗುತ್ತೆ ಬಿಡ್ರಿ" ಎಂದಿದ್ದೆ. ನನ್ನ ಬಾಯಿ ಒಳ್ಳೆಯದಲ್ಲ, ಅದು ನನಗೂ ಗೊತ್ತು.

ಅಂಥ ನಾನು ಭೂಗೋಳ ವಿಭಾಗದ ವಿಷಯದಲ್ಲಿ ಮಾತ್ರ ಮೆತ್ತಗಾದೆ. ಅಲ್ಲಿದ್ದ ಕಾಯಂ ಪ್ರಾಧ್ಯಾಪಕರು ನಿವೃತ್ತರಾದ ಮೇಲೆ ಇಡೀ ಎಂ.ಎ. ಕೋರ್ಸನ್ನು ಎಳೆಯುತ್ತಿದ್ದವಳು ಒಬ್ಬಳು ಅತಿಥಿ ಉಪನ್ಯಾಸಕಿ. ಎಂಟು ವರ್ಷದಿಂದ ಅತಿಥಿ! ಎಂಟು ವರ್ಷ ಕೂತ ಅತಿಥಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಶೆಟ್ಟಿಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿಕೊಂಡು ಬರುತ್ತಿದ್ದಳು. ಗಂಡನಿಗೆ ನೆಟ್ಟಗಿನ ಕೆಲಸವಿಲ್ಲ, ಮಗ ಹೈಸ್ಕೂಲು, ಮನೆ ನಡೆಯುತ್ತಿದ್ದುದು ಇವಳಿಂದ. ಮಧ್ಯಾಹ್ನ ಅವಳ ಡಬ್ಬಿ, ನನ್ನ ಡಬ್ಬಿ ಒಟ್ಟಿಗೇ ತೆರೆಯುತ್ತಿದ್ದವು. ಜನರೆದುರು ನನ್ನನ್ನು ಮೇಡಂ ಅನ್ನುವಳು, ಊಟದ ಹೊತ್ತಿಗೆ ಅಕ್ಕಾ ಅನ್ನುವಳು. ಅವಳ ಬಸ್ಸಾರಿನ ಋಣ ನನ್ನ ಮೇಲೆ ಬಹಳ ಇದೆ.

ಆ ವರ್ಷ ಭೂಗೋಳಕ್ಕೆ ಸರಿಯಾಗಿ ಹತ್ತು ಜನ ಸೇರಿದರು. ಕ್ಲಾಸು ಶುರುವಾದಾಗ ಬಂದವರು ಒಂಬತ್ತು. ಏಳನೇ ನಂಬರಿನ ಹುಡುಗಿಯ ಸುಳಿವಿಲ್ಲ. ಒಂದು ವಾರ ನೋಡಿದೆವು, ಎರಡು ವಾರ ನೋಡಿದೆವು.

"ಒಂಬತ್ತೇ ಆದ್ರೆ ನನ್ ಗತಿ ಏನಕ್ಕಾ?" ಎಂದಳು ಅವಳು, ಅನ್ನ ಕಲಸುತ್ತಾ. ತಲೆ ಎತ್ತಲಿಲ್ಲ.

"ಎಲ್ಲೋ ಬಿ.ಎಡ್. ಸೀಟು ಸಿಕ್ಕಿರುತ್ತೆ, ಅಲ್ಲಿ ಕೂತಿರ್ತಾಳೆ ಮಹಾರಾಯ್ತಿ. ಟಿಸಿ ತಗೊಳ್ಳೋಕೆ ಬರಲೇಬೇಕಲ್ಲ, ಆಗ ತೆಗೆದ್ರಾಯ್ತು ಹೆಸ್ರು. ಅಲ್ಲಿವರೆಗೂ ಅವಳು ನಮ್ಮೋಳೇ" ಎಂದೆ.

ಇದು ನಾನು ಹುಟ್ಟಿಸಿದ ಮಾತಲ್ಲ, ಆಫೀಸಿನ ಹಳೆಯ ಪದ್ಧತಿ. ವರ್ಗಾವಣೆ ಪತ್ರ ಅಂದರೆ ಟಿಸಿ ತೆಗೆದುಕೊಂಡು ಹೋಗುವವರೆಗೂ ವಿದ್ಯಾರ್ಥಿ ಲೆಕ್ಕದಲ್ಲಿ ಇದ್ದ ಹಾಗೆ. ಮನೆಗೆ ಫೋನು ಮಾಡಿ ನಾವಾಗಿ ಟಿಸಿ ನೆನಪಿಸುವ ದಡ್ಡತನ ಮಾಡಲಿಲ್ಲ. ಆ ಹುಡುಗಿಯ ಅಸಲು ಅಂಕಪಟ್ಟಿಗಳು ಒಂದು ಕವರಿನಲ್ಲಿ ನನ್ನ ಬೀರುವಿನಲ್ಲೇ ಇದ್ದವು. ಪ್ರವೇಶದ ದಿನ ಆ ಕವರು ನನ್ನ ಕೈಗೆ ಬಂದಾಗ ಅದರ ಮೇಲಿನ ಫೋಟೊ ನೋಡಿ ಗೊಣಗಿದ್ದೆ. ಯಾವುದೋ ಸಮಾರಂಭದ ಫೋಟೊದಿಂದ ಅವಳೊಬ್ಬಳನ್ನೇ ಕತ್ತರಿಸಿ ಅಂಟಿಸಿದ್ದರು. ಪಕ್ಕದಲ್ಲಿದ್ದವರು ಹೋಗಿದ್ದರೂ ಅವಳ ಭುಜದ ಮೇಲೆ ಒಂದು ಕೈ ಉಳಿದುಬಿಟ್ಟಿತ್ತು. ಗಂಡಸಿನ ಕೈ. ಹೆಬ್ಬೆರಳಿನ ಉಗುರು ಕಪ್ಪಗೆ, ಸೀಳಿಕೊಂಡಿತ್ತು. "ಇಂಥಾ ಫೋಟೊ ಯಾರ್ರೀ ತಗೊಂಡಿದ್ದು, ಕೈ ಯಾರದ್ದು ಅಂತ ಬರೀಲಾ?" ಎಂದು ಗುಮಾಸ್ತನಿಗೆ ರೇಗಿದ್ದೆ. ಆಮೇಲೆ ಬೇರೆ ಫೋಟೊ ತರಿಸುವ ಸೋಮಾರಿತನಕ್ಕೆ ಹಾಗೇ ಬಿಟ್ಟಿದ್ದೆ.

ಹೆಸರು ಉಳಿಸುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಹಾಜರಿ ತೆಗೆಯುವುದು ಈಗ ಮೊಬೈಲಿನಲ್ಲಿ. ಒಂದು ತಿಂಗಳು ಪೂರಾ ಗೈರಾದವರ ಹೆಸರು ತಾನಾಗಿಯೇ ಕುಲಸಚಿವರ ಮೇಜಿಗೆ ಹೋಗುತ್ತದೆ, ಅಲ್ಲಿಂದ ರೋಲಿನಿಂದ ಹೊರಗೆ. ಅದಾಗಬಾರದು ಅಂದರೆ ಯಾರಾದರೂ ದಿನಾ ಅವಳ ಹೆಸರಿನ ಮುಂದೆ ಹಾಜರು ಅಂತ ಒತ್ತಬೇಕು. ಉಪನ್ಯಾಸಕಿ ಹಿಂಜರಿದಳು. "ತಪ್ಪಲ್ವಾಕ್ಕಾ?" ಅಂದಳು.

"ಒಂದ್ಸಲ ಬೆರಳು ಒತ್ತಿದ್ರೆ ಬೆರಳೇನ್ ಸವೆದೋಗುತ್ತಾ? ಒತ್ತು ಸುಮ್ನೆ" ಎಂದೆ. ಹೇಳಿದವಳು ನಾನು. ಇದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಇನ್ನೊಂದು ಕೆಲಸವನ್ನೂ ಆ ಬೇಸಿಗೆಯಲ್ಲಿ ನಾನೇ ಮಾಡಿದ್ದೆ. ಹಾಜರಿಯ ಸುದ್ದಿ ಪೋಷಕರ ಫೋನಿಗೆ ಹೋಗಬೇಕು ಅಂತ ಆದೇಶವಾಗಿತ್ತು. ಆ ಸಾಫ್ಟ್‌ವೇರಿನವರು ಕಳಿಸಿದ ಕನ್ನಡ ನೋಡಿ ತಲೆ ಚಚ್ಚಿಕೊಂಡೆ. 'ನಿಮ್ಮ ವಾರ್ಡು ಇಂದು ಪ್ರಸ್ತುತವಾಗಿದೆ' ಅಂತೆ! ಎಲ್ಲಾ ಹೊಡೆದುಹಾಕಿ ನಾನೇ ಬರೆದುಕೊಟ್ಟೆ. 'ನಿಮ್ಮ ಮಗಳು ಇಂದು ಕ್ಲಾಸಿಗೆ ಬಂದಿದ್ದಾಳೆ.' ಬರದಿದ್ದರೆ, 'ನಿಮ್ಮ ಮಗಳು ಇಂದು ಕ್ಲಾಸಿಗೆ ಬಂದಿಲ್ಲ. ದಯವಿಟ್ಟು ವಿಚಾರಿಸಿ.' ಗಂಡುಮಕ್ಕಳಿಗೆ ಬೇರೆ. ಮನೆಯವರು ಮಾತಾಡಿದ ಹಾಗೆ ಇರಬೇಕು ಅನ್ನುವುದು ನನ್ನ ಹಟ. ಅದು ಯಾವಾಗ ಚಾಲೂ ಆಯಿತೋ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡೂ ನನ್ನ ಕೈಯಲ್ಲೇ ಆದ ಕೆಲಸ, ಒಂದಕ್ಕೊಂದು ತಾಗುತ್ತವೆ ಅನ್ನುವುದು ಹೊಳೆಯಲೇ ಇಲ್ಲ.

ವರ್ಷಕ್ಕೊಮ್ಮೆ ನಾನು ತಲೆ ಎಣಿಕೆಗೆ ಹೋಗಬೇಕು. ಪಟ್ಟಿಯಲ್ಲಿರುವವರು ನಿಜವಾಗಿ ಇದ್ದಾರೆಯೇ ಅಂತ ಕ್ಲಾಸಿನಲ್ಲಿ ಕೂತು ಎಣಿಸಿ ಸಹಿ ಹಾಕಬೇಕು. ಭೂಗೋಳ ಇದ್ದದ್ದು ಮೂರನೇ ಮಹಡಿಯ ಕೊನೆಯಲ್ಲಿ. ಆ ಸಾಲಿನ ಉಳಿದ ಕೋಣೆಗಳೆಲ್ಲ ಖಾಲಿ, ನಾನೇ ಮುಚ್ಚಿಸಿದ ಕೋರ್ಸುಗಳವು. ಬಾಗಿಲುಗಳ ಮೇಲೆ ವಿಭಾಗಗಳ ಹೆಸರು ಕಿತ್ತ ಗುರುತು ಇನ್ನೂ ಹಾಗೇ ಇತ್ತು. ಬೆಳಗಿನ ಹತ್ತು ಗಂಟೆ, ಆದರೂ ಹೊರಗೆ ಮಂಜು ಹರಿದಿರಲಿಲ್ಲ. ವಾಯುಪಡೆಯ ವಿಮಾನವೊಂದು ತಲೆ ಮೇಲೆ ಹೋಯಿತು. ಖಾಲಿ ಕೋಣೆಗಳ ಗಾಜುಗಳೆಲ್ಲ ಒಂದಾದ ಮೇಲೊಂದು ಗಡಗಡ ಅಂದವು, ಒಳಗಿನಿಂದ ಯಾರೋ ಬಡಿದ ಹಾಗೆ. ನಾನು ಹೆಜ್ಜೆ ಜೋರು ಮಾಡಿದೆ.

ಕ್ಲಾಸಿನಲ್ಲಿ ಹತ್ತು ಕುರ್ಚಿ. ಒಂಬತ್ತರಲ್ಲಿ ಮಕ್ಕಳು. ಕಿಟಕಿ ಪಕ್ಕದ ಕುರ್ಚಿ ಖಾಲಿ. ಕೋಣೆ ಚಿಕ್ಕದು, ಮಕ್ಕಳು ಒತ್ತೊತ್ತಾಗಿ ಕೂತಿದ್ದರು, ಬ್ಯಾಗುಗಳನ್ನು ಕಾಲ ಬಳಿ ಇಟ್ಟುಕೊಂಡಿದ್ದರು. ಆ ಕುರ್ಚಿಯ ಮೇಲೆ ಮಾತ್ರ ಒಂದು ಬ್ಯಾಗೂ ಇರಲಿಲ್ಲ. ನಾನು ಅಲ್ಲಿ ಕೂರಲು ಹೋದೆ. "ಮೇಡಂ, ಅದು ಏಳನೇ ನಂಬರಿಂದು" ಎಂದಳು ಹತ್ತಿರದ ಹುಡುಗಿ. ತಮಾಷೆಗಲ್ಲ. ರೈಲಿನಲ್ಲಿ ಬೇರೆಯವರ ಸೀಟು ತೋರಿಸುವಷ್ಟು ಸಹಜವಾಗಿ ಹೇಳಿದಳು. ಯಾಕೋ ನನಗೂ ಅಲ್ಲಿ ಕೂರಲು ಮನಸ್ಸಾಗಲಿಲ್ಲ, ಗೋಡೆಗೊರಗಿ ನಿಂತೆ.

ಉಪನ್ಯಾಸಕಿ ತಲೆ ತಗ್ಗಿಸಿ ಹಾಜರಿ ಕೂಗಿದಳು. ಐದು. ಎಸ್ ಮೇಡಂ. ಆರು. ಎಸ್ ಮೇಡಂ. ಏಳು.

"ಎಸ್ ಮೇಡಂ."

ಹುಡುಗಿಯ ದನಿ, ಮೆಲ್ಲಗೆ, ಸ್ವಲ್ಪ ಏದುಸಿರು ಬಿಟ್ಟ ಹಾಗೆ. ನಾನು ಒಂಬತ್ತೂ ಮುಖಗಳನ್ನು ನೋಡುತ್ತಲೇ ಇದ್ದೆ. ಯಾರ ತುಟಿಯೂ ಅಲುಗಿದ್ದು ಕಾಣಲಿಲ್ಲ. "ಯಾರ್ರೀ ಅದು ಹೇಳಿದ್ದು?" ಎಂದು ಗದರಿದೆ. ಉಪನ್ಯಾಸಕಿ ಎಂಟು ಎಂದು ಕೂಗಿದಳು. ಕೊನೆಗೆ ಎಣಿಕೆ ಪುಸ್ತಕದಲ್ಲಿ ಹತ್ತು ಎಂದು ಬರೆದು ಸಹಿ ಹಾಕಿ ಕೆಳಗಿಳಿದೆ.

ಊಟಕ್ಕೆ ಕೂತಾಗ ವಿಚಾರಿಸಿದೆ. "ಅಯ್ಯೋ, ಮಕ್ಕಳು ಅಕ್ಕಾ ಅದು. ಹತ್ತು ಇಲ್ದಿದ್ರೆ ನಂಗೆ ಕೆಲ್ಸ ಹೋಗುತ್ತೆ ಅಂತ ಅವ್ರಿಗೂ ಗೊತ್ತು. ದಿನಕ್ಕೊಬ್ರು ಅವಳ ಬದ್ಲು ಹೇಳ್ತಾರೆ" ಎಂದಳು.

"ಇವತ್ತು ಯಾರ ಪಾಳಿ?"

"ಗೊತ್ತಿಲ್ಲ. ನಾನು ತಲೆ ಎತ್ತಿ ನೋಡಲ್ಲ ಅಕ್ಕಾ. ನೋಡಿದ್ರೆ ನಾಚಿಕೆ ಆಗುತ್ತೆ."

ನನಗೆ ಸಮಾಧಾನವಾಯಿತು, ಅರ್ಧ. ಉಳಿದರ್ಧ ಮುಂದಿನ ತಿಂಗಳು ಹೋಯಿತು. ಪಾಠ ಹೇಗಿದೆ ಅಂತ ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವ ಕ್ರಮವಿದೆ. ಅವರವರು ಕೊಟ್ಟ ಫೋನ್ ನಂಬರಿಗೆ ಒಂದು ಕೊಂಡಿ ಹೋಗುತ್ತದೆ, ಅದನ್ನು ಒತ್ತಿ ತುಂಬಿದರೆ ನನ್ನ ಕಂಪ್ಯೂಟರಿಗೆ ಬರುತ್ತದೆ. ಭೂಗೋಳದಿಂದ ಬಂದದ್ದು ಹತ್ತು. ನಾನು ಮೂರು ಸಲ ಎಣಿಸಿದೆ. ಏಳನೇ ನಂಬರಿನ ಹುಡುಗಿ ಎಲ್ಲ ಪ್ರಶ್ನೆಗೂ 'ಚೆನ್ನಾಗಿದೆ' ಅಂತ ಒತ್ತಿದ್ದಳು. ಕೊನೆಯಲ್ಲಿ, ನಿಮ್ಮ ಸಲಹೆ ಏನು ಅನ್ನುವ ಕಡೆ, ಕನ್ನಡದಲ್ಲಿ ಒಂದೇ ಸಾಲು. 'ಕಿಟಕಿ ಪಕ್ಕ ಕೂರಿಸಿ.'

ಮಟಮಟ ಮಧ್ಯಾಹ್ನ. ಸುತ್ತ ಆರು ಜನ ಗುಮಾಸ್ತರು, ಫ್ಯಾನು ತಿರುಗುತ್ತಿದೆ, ಯಾರೋ ಚಹಾ ಹೀರುತ್ತಿದ್ದಾರೆ. ನಾನು ಎದ್ದು ಬೀರು ತೆಗೆದು ಅವಳ ಕವರು ನೋಡಿದೆ. ಅದೇ ಮುಖ, ನಗು ತಡೆದುಕೊಂಡ ಹಾಗೆ. ಅದೇ ಕಪ್ಪುಗುರಿನ ಕೈ, ಎಳೆದುಕೊಳ್ಳುತ್ತಿದೆಯೋ ತಳ್ಳುತ್ತಿದೆಯೋ ತಿಳಿಯದ ಹಾಗೆ ಭುಜದ ಮೇಲೆ. ಕವರನ್ನು ಬೋರಲು ಹಾಕಿ ಬೀಗ ಹಾಕಿದೆ.

ಹೆದರಿಕೆಯಾದರೆ ನನಗೆ ಬರುವುದು ಕೋಪ. ಸೀದಾ ಉಪನ್ಯಾಸಕಿಯನ್ನು ಕರೆಸಿದೆ. "ಹಾಜರಿ ಒತ್ತು ಅಂದ್ರೆ ನಾಟಕ ಆಡ್ತೀಯಾ? ಅವಳ ಹೆಸರಲ್ಲಿ ಫಾರಂ ತುಂಬೋಕೆ ಯಾರು ಹೇಳಿದ್ರು ನಿಂಗೆ?" ಎಂದು ಎಲ್ಲರೆದುರೇ ಕೂಗಾಡಿದೆ.

"ನನ್ ಮಗನಾಣೆ ಮೇಡಂ, ನಾನು ತುಂಬಿಲ್ಲ." ಬಾಗಿಲವರೆಗೆ ಹೋಗಿ ತಿರುಗಿ, "ನಾಳೆಯಿಂದ ನಾನು ಅವಳಿಗೆ ಹಾಜರೂ ಒತ್ತಲ್ಲ. ಕೋರ್ಸ್ ಹೋದ್ರೆ ಹೋಗ್ಲಿ, ನಂಗೂ ಭಯ ಆಗುತ್ತೆ ಆ ಕುರ್ಚಿ ನೋಡಿದ್ರೆ" ಎಂದು ಹೊರಟುಹೋದಳು. ಆಮೇಲೆ ಊಟಕ್ಕೂ ಬರಲಿಲ್ಲ. ನಾನು ಒಬ್ಬಳೇ ಡಬ್ಬಿ ತೆರೆದು ಮುಚ್ಚಿದೆ.

ಇದಾದ ನಾಲ್ಕನೇ ದಿನ ಬೆಳಿಗ್ಗೆ ನನ್ನ ಮೇಜಿನೆದುರು ಒಬ್ಬ ಮನುಷ್ಯ ಬಂದು ನಿಂತ. ಐವತ್ತು ದಾಟಿರಬಹುದು. ಬಿಳೀ ಅಂಗಿ, ಪಂಚೆ, ಹೆಗಲ ಮೇಲೆ ಟವಲು. ಚಿಕ್ಕಜಾಲದ ಕಡೆಯವನು ಅಂತ ಮಾತಿನಲ್ಲೇ ಗೊತ್ತಾಯಿತು. "ಭೂಗೋಳದ ಕ್ಲಾಸು ಎಲ್ಲಿ ನಡೀತದೆ ಮೇಡಂ?" ಎಂದ. ನಾನು ತಲೆ ಎತ್ತದೆ, "ವಿಚಾರಣೆ ಕೌಂಟರು ಕೆಳಗಿದೆ ಕಣ್ರೀ, ಬೋರ್ಡು ಓದೋಕೆ ಏನ್ ಕಷ್ಟ" ಎಂದೆ.

ಅವನು ಮೇಜಿನ ಅಂಚಿನ ಮೇಲೆ ಕೈ ಇಟ್ಟ. ಹೆಬ್ಬೆರಳಿನ ಉಗುರು ಕಪ್ಪಗೆ, ಸೀಳಿಕೊಂಡಿತ್ತು.

ಆ ಕೈಯನ್ನು ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಫೋಟೊದಿಂದ ಎದ್ದು ಬಂದು ನನ್ನ ಮೇಜಿನ ಮೇಲೆ ಕೂತಿದೆ ಅನ್ನಿಸಿತು. "ಏಳನೇ ನಂಬರಿನ ಹುಡುಗಿಯ ತಂದೆಯವರಾ?" ಎಂದೆ. ಆಮೇಲೆ ಆ ಹಾಳು ಬಾಯಿ ಸುಮ್ಮನಿರದೆ, "ಟಿಸಿ ತಗೊಳ್ಳೋಕೆ ಈಗ ಬಂದ್ರಾ? ಹುಡುಗಿ ಎಲ್ಲಿ, ಅವಳನ್ನ ಕಳಿಸ್ಬೇಕಿತ್ತು" ಎಂದಿತು.

"ಅವ್ಳಿಲ್ಲ ಮೇಡಂ. ಇಲ್ಲಿ ಸೇರ್ಸಿ ಒಂಬತ್ತು ದಿನಕ್ಕೆ ಜ್ವರ ಬಂತು. ಮದ್ಲೇ ಉಬ್ಸ ಇತ್ತು ಅವ್ಳಿಗೆ. ಹನ್ನೆಲ್ಡನೇ ದಿನಕ್ಕೆ ಓಗ್ಬುಟ್ಲು."

ಅವನು ಜೇಬಿನಿಂದ ಫೋನು ತೆಗೆದು ನನ್ನ ಕಡೆ ತಿರುಗಿಸಿದ. ಮೇಲಿನಿಂದ ಕೆಳಗೆ ಒಂದೇ ಸಾಲು, ಒಂದೇ ಸಾಲು, ಬೆರಳು ಎಷ್ಟು ಎಳೆದರೂ ಮುಗಿಯಲಿಲ್ಲ. ನಿಮ್ಮ ಮಗಳು ಇಂದು ಕ್ಲಾಸಿಗೆ ಬಂದಿದ್ದಾಳೆ. ನಿಮ್ಮ ಮಗಳು ಇಂದು ಕ್ಲಾಸಿಗೆ ಬಂದಿದ್ದಾಳೆ. ನಾನು ಬರೆದ ಮಾತು. ಮನೆಯವರು ಮಾತಾಡಿದ ಹಾಗೆ ಇರಲಿ ಅಂತ ತಿದ್ದಿ ತೀಡಿದ ಮಾತು.

"ಮದ್ಲು ಬಂದಾಗ ತಿಥಿ ಮುಗ್ದಿತ್ತು ಅಷ್ಟೇ. ಯಾರೋ ತಪ್ಪಿ ಕಳ್ಸವ್ರೆ ಅಂದ್ಕಂಡೆ. ಮಾರ್ನೇ ದಿನಾನೂ ಬಂತು. ನಮ್ಮೋಳ್ಗೆ ತೋರಿಸ್ಬಾರ್ದಿತ್ತು, ತೋರಿಸ್ಬುಟ್ಟೆ. ಅವತ್ತಿಂದ ಹತ್ತೂವರೆ ಆಯ್ತು ಅಂದ್ರೆ ಫೋನ್ ಮುಂದೆ ಕೂತ್ಕತಾಳೆ. ಬಂದ್ಮೇಲೇನೇ ತಿಂಡಿ ತಿನ್ನದು. ಭಾನ್ವಾರ ಬರಲ್ಲ. ರಜ ಅಲ್ವಾ, ಮಲಗಿರ್ತಾಳೆ ಅಂತಾಳೆ."

ಕಿಟಕಿಯ ಮಾತು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಅವನೇ ಹೇಳಿದ. ಅಭಿಪ್ರಾಯದ ಕೊಂಡಿ ಬಂದದ್ದು ಅವನ ಫೋನಿಗೇ, ಪ್ರವೇಶದ ಅರ್ಜಿಯಲ್ಲಿ ಕೊಟ್ಟಿದ್ದ ನಂಬರು ಅದೊಂದೇ. ಹೆಂಡತಿ ಒಂದೊಂದನ್ನೇ ಓದಿಸಿ, ಎಲ್ಲಾ ಚೆನ್ನಾಗೈತೆ ಅಂತ ಒತ್ತಿಸಿದಳಂತೆ. "ಉಬ್ಸ ಅಲ್ವಾ, ಬಸ್ಸಲ್ಲೂ ಕಿಟಕಿ ಬೇಕಾಗಿತ್ತು ಅವ್ಳಿಗೆ. ಗಾಳಿ ಇಲ್ದಿದ್ರೆ ಆಗ್ತಿರ್ಲಿಲ್ಲ" ಎಂದ. ದೆವ್ವವಲ್ಲ ಅಂತ ತಿಳಿದು ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ.

"ಮತ್ತೆ ಇವತ್ತು ಯಾಕೆ ಬಂದ್ರಿ?" ಎಂದೆ.

ಅವನು ಕೊನೆಯ ಮೂರು ಸಾಲು ತೋರಿಸಿದ. 'ನಿಮ್ಮ ಮಗಳು ಇಂದು ಕ್ಲಾಸಿಗೆ ಬಂದಿಲ್ಲ. ದಯವಿಟ್ಟು ವಿಚಾರಿಸಿ.'

"ಮೂರು ದಿನದಿಂದ ಇಂಗೆ ಬತ್ತೈತೆ. ನಮ್ಮೋಳು ಊಟ ಬುಟ್ಟವ್ಳೆ. ಎಲ್ಲೋದ್ಲು ಕೇಳ್ಕಂಡ್ ಬಾ ಅಂತ ಅಳ್ತಾಳೆ. ನೀವೇ ವಿಚಾರ್ಸಿ ಅಂತ ಹಾಕಿದ್ದೀರಲ್ಲ ಮೇಡಂ, ಅದ್ಕೇ ವಿಚಾರ್ಸ್ಕಂಡು ಓಗಣ ಅಂತ ಬಂದೆ."

ನಾನು ಅಲ್ಲೇ, ಆರು ಜನ ಗುಮಾಸ್ತರ ಎದುರು ಅತ್ತೆ. ಆಮೇಲೆ ಅವನನ್ನು ಕೂರಿಸಿ ಇದ್ದದ್ದೆಲ್ಲಾ ಹೇಳಿದೆ. ಹತ್ತರ ನಿಯಮ, ಒಬ್ಬಳ ಕೆಲಸ, ನಾನು ಒತ್ತಿಸಿದ ಹಾಜರಿ. "ನಮ್ಮ ಸ್ವಾರ್ಥಕ್ಕೆ ಮಾಡಿದ್ದು. ಉಗೀರಿ ನನ್ನ ಮುಖಕ್ಕೆ" ಎಂದೆ. ಅವನು ಟವಲಿನಿಂದ ಕಣ್ಣೊರೆಸಿಕೊಂಡು, "ಇರ್ಲಿ ಬುಡಿ. ನಿಮ್ಗೂ ಬೇಕಿತ್ತು, ನಮ್ಗೂ ಬೇಕಿತ್ತು. ಇವತ್ತೊಂದು ಒತ್ಬುಡಿ ಮೇಡಂ, ಅವ್ಳು ಎಲ್ಡು ತುತ್ತು ತಿನ್ಲಿ" ಎಂದ.

ಮೂರನೇ ಮಹಡಿಗೆ ನಾನೇ ಓಡಿದೆ. ಉಪನ್ಯಾಸಕಿಗೆ ಬಾಗಿಲಲ್ಲೇ ನಿಂತು ಹೇಳಿದೆ. ಅವಳು ಫೋನು ತೆಗೆದು ಏಳನೇ ನಂಬರಿನ ಮುಂದೆ ಒತ್ತಿದಳು. ಕೆಳಗೆ ಬಂದಾಗ ಅವನು ಹೋಗಿಯಾಗಿತ್ತು.

ಅಲ್ಲಿಂದಾಚೆ ಒಂದು ತಿಂಗಳು ನಾವಿಬ್ಬರೂ ಬದುಕಿದ ರೀತಿ ಯಾರಿಗೂ ಬೇಡ. ಹೆಸರು ಉಳಿದರೆ ಉಪನ್ಯಾಸಕಿಯ ಕೆಲಸ ಉಳಿಯುತ್ತದೆ, ಅಳಿಸಿದರೆ ಚಿಕ್ಕಜಾಲದಲ್ಲಿ ಒಬ್ಬ ತಾಯಿ ಊಟ ಬಿಡುತ್ತಾಳೆ. ಹತ್ತೂವರೆ ಹತ್ತಿರವಾದರೆ ಇಬ್ಬರೂ ಗಡಿಯಾರ ನೋಡುತ್ತಿದ್ದೆವು. ಒಮ್ಮೆ ಉಪನ್ಯಾಸಕಿಗೆ ಜ್ವರ ಬಂದು ರಜೆ ಹಾಕಿದಳು. ಬೇರೆ ಯಾರಿಗೂ ಹೇಳುವ ಹಾಗಿಲ್ಲದೆ ನಾನೇ ಅವಳ ಮನೆಗೆ ಫೋನು ಮಾಡಿ, "ಒತ್ತಿದ್ಯಾ?" ಎಂದು ಕೇಳಿದೆ. "ಮಲಗಿದ್ದಲ್ಲೇ ಒತ್ತಿದೆ ಅಕ್ಕಾ. ಮಕ್ಕಳಿಗೆ ಹೇಳಿ, ಪಾಳಿ ಇನ್ಮೇಲೆ ಬೇಡ, ಏಳು ಅಂದಾಗ ಯಾರೂ ಎಸ್ ಅನ್ಬಾರ್ದು ಅಂತ" ಎಂದಳು. ಹೇಳಲು ಹೋದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಳಿ ಬಿಟ್ಟು ಬಹಳ ದಿನವಾಯಿತು ಮೇಡಂ ಎಂದರು. ನಾನು ತಲೆ ಎಣಿಕೆಗೆ ಬಂದ ದಿನ ಪಾಳಿ ಇನ್ನೂ ಇತ್ತೇ ಎಂದು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಪರೀಕ್ಷೆ ಹತ್ತಿರ ಬಂತು. ಹಾಲ್ ಟಿಕೆಟ್ ಸಿದ್ಧವಾಗಿದೆ, ಬಂದು ಪಡೆಯಿರಿ ಅಂತ ಎಲ್ಲರ ಫೋನಿಗೂ ಸಂದೇಶ ಹೋಯಿತು. ಅದನ್ನು ನಿಲ್ಲಿಸುವುದು ನನ್ನ ಕೈಲಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಸುಳ್ಳು ಹಾಜರಿ ಒತ್ತಲು ಬರುವುದಿಲ್ಲ, ಅಲ್ಲಿ ಉತ್ತರಪತ್ರಿಕೆ ಬೇಕು. ಏನು ಮಾಡುವುದು ಅಂತ ತಲೆ ಕೆಡಿಸಿಕೊಂಡು ಕೂತಿದ್ದಾಗ ಗಂಡಹೆಂಡತಿ ಇಬ್ಬರೂ ಬಂದರು. ಆಕೆ ಸಣ್ಣಗೆ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಗಳ ಶಾಲೆಗೆ ಬಂದ ತಾಯಿಯಂತೆ ತಲೆ ಬಾಚಿಕೊಂಡಿದ್ದಳು. ನಾನು ಹಾಲ್ ಟಿಕೆಟ್ ಕೈಗೆ ಕೊಟ್ಟೆ. ಅದೇ ಫೋಟೊ, ಅದೇ ಕೈ. ಆಕೆ ಅದನ್ನು ಸೆರಗಿನಿಂದ ಒರೆಸಿ, "ಕ್ಲಾಸು ನೋಡ್ಬೋದಾ ಅಕ್ಕಯ್ಯಾ?" ಎಂದಳು.

ಮೇಲೆ ಕರೆದುಕೊಂಡು ಹೋದೆ. ಓದಿಕೊಳ್ಳಲು ರಜೆ ಬಿಟ್ಟಿದ್ದರಿಂದ ಮಕ್ಕಳಿರಲಿಲ್ಲ, ಉಪನ್ಯಾಸಕಿ ಒಬ್ಬಳೇ ನಕ್ಷೆಗಳನ್ನು ಸುತ್ತಿಡುತ್ತಿದ್ದಳು. ಯಾವ ಕುರ್ಚಿ ಅಂತ ನಾವು ಹೇಳಲಿಲ್ಲ. ಆಕೆ ಸೀದಾ ಹೋಗಿ ಕಿಟಕಿ ಪಕ್ಕದ ಕುರ್ಚಿಯ ಮುಂದೆ ನಿಂತಳು. ಕಿಟಕಿಯ ಬಾಗಿಲು ತಳ್ಳಿದಳು. ಗಾಳಿ ಬಂತು. ಆಕೆ ಪಕ್ಕದ ಕುರ್ಚಿಯಲ್ಲಿ ಕೂತು, ಖಾಲಿ ಕುರ್ಚಿಯ ಹಿಡಿಯ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ಹಾಗೇ ಇದ್ದಳು. ನಾವು ಮೂವರೂ ಬಾಗಿಲಲ್ಲಿ ನಿಂತೇ ಇದ್ದೆವು. ಕೊನೆಗೆ ಗಂಡನ ಕಡೆ ತಿರುಗಿ, "ಪರೀಕ್ಷೆ ಅಂದ್ರೆ ಹೆದರ್ಕಂತಾಳೆ. ಊಟ ಮಾಡಲ್ಲ, ನಿದ್ದೆ ಮಾಡಲ್ಲ, ಉಬ್ಸ ಜಾಸ್ತಿ ಆಗ್ತದೆ. ಓದಿದ್ದು ಸಾಕು. ಕರ್ಕಂಡ್ ಓಗಣ" ಎಂದಳು.

ಟಿಸಿ ಅರ್ಜಿ ತರಿಸಿದೆ. ಅದರಲ್ಲಿ ವಿಭಾಗದ ಬಾಕಿ ಏನೂ ಇಲ್ಲ ಅಂತ ಒಂದು ಸಹಿ ಬೇಕು, ಹಾಕಬೇಕಾದವಳು ಉಪನ್ಯಾಸಕಿ. ಆ ಸಹಿ ಬಿದ್ದ ಕೂಡಲೇ ಭೂಗೋಳ ಒಂಬತ್ತಾಗುತ್ತದೆ. ನಾನು ಅವಳ ಮುಖ ನೋಡಲಾರದೆ ಅರ್ಜಿ ಮುಂದೆ ಚಾಚಿದೆ. ಅವಳು ಗೋಡೆಗಿಟ್ಟು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, "ಇರೋ ಮಕ್ಕಳು ಮುಗಿಸೋವರೆಗೂ ಇರ್ತೀನಲ್ವಾ ಅಕ್ಕಾ? ಇನ್ನೊಂದು ವರ್ಷ?" ಎಂದಳು. ಹೂಂ ಎಂದೆ. ಎಲ್ಲರೆದುರು ಅಕ್ಕಾ ಅಂದದ್ದು ಅದೇ ಮೊದಲು.

ಬಿಟ್ಟು ಹೋಗಲು ಕಾರಣ ಅನ್ನುವ ಕಡೆ ಏನು ಬರೆಯಲಿ ಎಂದು ತಂದೆ ಕೇಳಿದ. ನಾನೇ ಅರ್ಜಿ ಎಳೆದುಕೊಂಡು, ನಾವು ಎಲ್ಲರಿಗೂ ಬರೆಯುವ ಹಾಗೆ, 'ಪೋಷಕರ ಕೋರಿಕೆಯ ಮೇರೆಗೆ' ಎಂದು ಬರೆದೆ. ನಡತೆ ಅನ್ನುವ ಕಡೆ 'ಉತ್ತಮ' ಎಂದು ಬರೆದೆ. ಬೀರುವಿನಿಂದ ಕವರು ತೆಗೆದು ತಾಯಿಯ ಕೈಗೆ ಕೊಟ್ಟೆ. ಆಕೆ ಅದನ್ನು ಎದೆಗವಚಿಕೊಂಡಳು.

ಬಸ್ ಸ್ಟಾಪಿನವರೆಗೂ ಜೊತೆಗೆ ಹೋದೆ. ಏರ್‌ಪೋರ್ಟ್ ರಸ್ತೆ, ಕಾರುಗಳ ಸದ್ದಿಗೆ ಮಾತಾಡುವ ಹಾಗಿರಲಿಲ್ಲ. ಆಕೆ ಮಧ್ಯೆ ಮಧ್ಯೆ ಹಿಂದಿರುಗಿ ನೋಡಿ, ಯಾರಿಗೋ ಕಾಯುವ ಹಾಗೆ ನಿಂತು, ಮತ್ತೆ ನಡೆಯುತ್ತಿದ್ದಳು. ಬಸ್ಸು ಬಂತು. ಮೂವರು ಕೂರುವ ಸೀಟಿನಲ್ಲಿ ಆಕೆ ನಡುವೆ ಕೂತಳು, ಗಂಡ ಈಚೆ ತುದಿಗೆ. ಕಿಟಕಿ ಪಕ್ಕದ ಜಾಗ ಬಿಟ್ಟಿದ್ದಳು. ನಾನು ಕೆಳಗೆ, ಆ ಕಿಟಕಿಯ ಹತ್ತಿರವೇ ನಿಂತಿದ್ದೆ. ಕಂಡಕ್ಟರ್ ಬಂದಾಗ ಆಕೆ ಎರಡು ಬೆರಳು ತೋರಿಸಿ, "ಚಿಕ್ಕಜಾಲ, ಎಲ್ಡು ಲೇಡೀಸು" ಎಂದಳು. ಆತ ಬಗ್ಗಿ ನೋಡಲೂ ಇಲ್ಲ, ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟ್ಟು ಎರಡು ಹರಿದು ಕೊಟ್ಟು ಮುಂದೆ ಹೋದ.

ಜನ ನುಗ್ಗಿದರು. ಬ್ಯಾಗು ಹೊತ್ತ ಒಬ್ಬ ದಡೂತಿ ಮನುಷ್ಯ ಖಾಲಿ ಜಾಗ ಕಂಡು ಅವರಿಬ್ಬರ ಮೊಣಕಾಲು ದಾಟಿ ಒಳಗೆ ಸರಿಯತೊಡಗಿದ. ಗಂಡ ಅರ್ಧ ಎದ್ದು ಮತ್ತೆ ಕೂತ. ಆಕೆ ಖಾಲಿ ಜಾಗದ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿದಳು.

"ಏ ಸ್ವಾಮಿ! ಕಣ್ಣ್ ಕಾಣಲ್ವಾ?" ಎಂದು ಕೆಳಗಿನಿಂದಲೇ ಬಸ್ಸಿನ ಮೈಗೆ ಪಟಪಟ ಬಡಿದು ಕಿರುಚಿದೆ. "ಅಲ್ಲಿ ಜನ ಇದಾರೆ ಕಣ್ರೀ!"

ಅವನು ಬೆಚ್ಚಿ, ನನ್ನನ್ನೂ ಆ ಜಾಗವನ್ನೂ ನೋಡಿ, ಸಾರಿ ಅಂತ ಹಿಂದೆ ಸರಿದ. ಬಸ್ಸು ಹೊರಟಿತು. ನಾನು ಆಫೀಸಿಗೆ ವಾಪಸ್ಸು ಬಂದು, ಕೈ ತೊಳೆದುಕೊಂಡು, ಮುಂದಿನ ವರ್ಷದ ಪಟ್ಟಿ ಎಳೆದುಕೊಂಡು, ಭೂಗೋಳದ ಮುಂದೆ ಒಂಬತ್ತು ಎಂದು ಬರೆದೆ.